ಸರ್ ಮಿರ್ಜಾ ಇಸ್ಮಾಯಿಲ್: ಕೈಗಳಿಗೆ ಕೆಲಸ ಕೊಟ್ಟ ದಿವಾನರು

ಮೈಸೂರು ಸಂಸ್ಥಾನದ ದಿವಾನರ ಹೆಸರು ಹೇಳಿರೆಂದರೆ ನಮ್ಮ ವಿದ್ಯಾರ್ಥಿಗಳು ತಟ್ಟನೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳುತ್ತಾರೆ. ಅದು ಸರಿಯೇ. ಆದರೆ ಅದೇ ಕುರ್ಚಿಯಲ್ಲಿ ಸತತ ಹದಿನೈದು ವರ್ಷ ಕುಳಿತು, ಇಂದಿಗೂ ಕರ್ನಾಟಕದ ಹೆಸರಿನೊಡನೆ ಸೇರಿಕೊಂಡಿರುವ ಹತ್ತಾರು ಕಾರ್ಖಾನೆಗಳನ್ನು ಕಟ್ಟಿಸಿದ ಸರ್ ಮಿರ್ಜಾ ಇಸ್ಮಾಯಿಲ್ ರವರ ಹೆಸರು ನಮ್ಮ ಸಮಾಜದ ಮಕ್ಕಳಿಗೇ ಸರಿಯಾಗಿ ಗೊತ್ತಿಲ್ಲ. ಅವರು ಗುಲಬರ್ಗಾ ಜಿಲ್ಲೆ ಸೇರಿದ್ದ ಹೈದರಾಬಾದ್ ಸಂಸ್ಥಾನಕ್ಕೂ ಕೆಲ ಕಾಲ ಪ್ರಧಾನಮಂತ್ರಿಗಳಾಗಿದ್ದರು ಎಂಬ ಸಂಗತಿಯಂತೂ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಓದುಗರಲ್ಲಿ ಅನೇಕರಿಗೆ ಹೊಸದಾಗಿರಬಹುದು. ಇಂದು ಕೌಶಲ್ಯ ತರಬೇತಿ, ಉದ್ಯೋಗ ಮೇಳ, ಐಟಿಐ ಎಂಬ ಮಾತುಗಳು ಎಲ್ಲೆಡೆ ಕೇಳಿಬರುತ್ತಿರುವಾಗ ಅವರ ಜೀವನವನ್ನು ಈ ಪುಟಗಳಲ್ಲಿ ಪರಿಚಯಿಸುವುದು ಉಚಿತವೆನಿಸಿತು.

ಮಿರ್ಜಾರವರ ತಾತ ಆಗಾ ಅಲಿ ಅಸ್ಕರ್ ರವರು ಇರಾನಿನ ಶಿರಾಜ್ ಪಟ್ಟಣದವರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ಕುದುರೆಗಳ ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದರು. ಅಂದಿನ ಕಮಿಷನರ್ ಮಾರ್ಕ್ ಕಬ್ಬನ್ ರವರ ಕಾಲದಲ್ಲಿ ಸರ್ಕಾರಕ್ಕೆ ಕುದುರೆಗಳನ್ನು ಒದಗಿಸಿದರು, ದಂಡು ಪ್ರದೇಶದಲ್ಲಿ ಅನೇಕ ಬಂಗಲೆಗಳನ್ನು ಕಟ್ಟಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದೇ. ತಂದೆ ಆಗಾ ಜಾನ್ ರವರು ಮೈಸೂರು ಅರಮನೆಯ ಸೇವೆಯಲ್ಲಿದ್ದರು. ಹೀಗೆ ಪರದೇಶದಿಂದ ವ್ಯಾಪಾರಕ್ಕೆ ಬಂದ ಮನೆತನವು ಎರಡು ತಲೆಮಾರಿನಲ್ಲಿ ಕನ್ನಡ ನಾಡಿನದಾಗಿ, ಮೂರನೆಯ ತಲೆಮಾರಿನಲ್ಲಿ ಈ ನಾಡಿಗೆ ದಿವಾನರನ್ನು ಕೊಟ್ಟಿತು.

ಮಿರ್ಜಾ ಇಸ್ಮಾಯಿಲ್ ರವರು 1883ರ ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಅವರ ಬಾಲ್ಯದಲ್ಲಿ ಒಂದು ವಿಶೇಷ ಸಂಗತಿ ನಡೆಯಿತು. ತಂದೆಯನ್ನು ಕಳೆದುಕೊಂಡಿದ್ದ ಯುವ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ರವರ ವಿದ್ಯಾಭ್ಯಾಸಕ್ಕೆ ಸ್ಟುವರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿಯನ್ನು ನೇಮಿಸಿದಾಗ, ಮಹಾರಾಜರ ಜೊತೆಯಲ್ಲಿ ಕುಳಿತು ಓದಲು ಆಯ್ಕೆಯಾದ ಕೆಲವೇ ಹುಡುಗರಲ್ಲಿ ಮಿರ್ಜಾ ಒಬ್ಬರು. ಒಂದೇ ಪಾಠ, ಒಂದೇ ಆಟ, ಒಂದೇ ಕುದುರೆ ಸವಾರಿ. ಈ ಸ್ನೇಹ ಮಹಾರಾಜರು 1940ರಲ್ಲಿ ತೀರಿಕೊಳ್ಳುವವರೆಗೂ ಕದಲಲಿಲ್ಲ. ಆದರೆ ಸ್ನೇಹವೊಂದರಿಂದಲೇ ಅವರು ಮೇಲೇರಿದರೆಂದು ತಿಳಿಯಬಾರದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, 1905ರಲ್ಲಿ ಸಹಾಯಕ ಪೊಲೀಸ್ ಸೂಪರಿಂಟೆಂಡೆಂಟರಾಗಿ ಕೆಳಗಿನ ಮೆಟ್ಟಿಲಿನಿಂದಲೇ ಸೇವೆ ಆರಂಭಿಸಿದರು. ಅನಂತರ ಹುಜೂರ್ ಕಚೇರಿ, ಆಮೇಲೆ ಮಹಾರಾಜರ ಖಾಸಗಿ ಕಾರ್ಯದರ್ಶಿ ಹುದ್ದೆ. ದಿವಾನರಾಗುವ ಹೊತ್ತಿಗೆ ಇಪ್ಪತ್ತು ವರ್ಷ ಕಡತಗಳ ನಡುವೆ ಪಳಗಿದ್ದರು. 1926ರ ಮೇ ತಿಂಗಳಲ್ಲಿ ದಿವಾನ್ ಪದವಿ ಸ್ವೀಕರಿಸಿದಾಗ ಅವರಿಗೆ ನಲವತ್ತೆರಡು ವರ್ಷ.

ಅವರು ಬಂದಾಗ ಮೈಸೂರಿನಲ್ಲಿ ಏನೂ ಇರಲಿಲ್ಲ ಎಂದರೆ ಇತಿಹಾಸಕ್ಕೆ ಅಪಚಾರ ಮಾಡಿದಂತೆ. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ತಯಾರಾಗುತ್ತಿತ್ತು. ವಿಶ್ವೇಶ್ವರಯ್ಯನವರು ಕೈಗಾರಿಕಾ ಇಲಾಖೆಗೆ ಜೀವ ತುಂಬಿದ್ದರು, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ನಾಂದಿ ಹಾಡಿದ್ದರು. ಮೈಸೂರಿನಲ್ಲಿ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇತ್ತು, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಶಾಲೆ ಇತ್ತು. ಆದರೆ ತರಬೇತಿ ಪಡೆದ ಹುಡುಗ ಹೊರಗೆ ಬಂದು ಎಲ್ಲಿ ಕೆಲಸ ಮಾಡಬೇಕು? ತರಬೇತಿಯೊಂದೇ ಇದ್ದು ಕಾರ್ಖಾನೆ ಇಲ್ಲದಿದ್ದರೆ ಅವನು ಸರ್ಟಿಫಿಕೇಟನ್ನು ಟ್ರಂಕಿನಲ್ಲಿಟ್ಟು ಹೊಲಕ್ಕೆ ಮರಳುತ್ತಾನೆ. ಕಾರ್ಖಾನೆಯೊಂದೇ ಇದ್ದು ತರಬೇತಿ ಇಲ್ಲದಿದ್ದರೆ ಕೆಲಸಗಾರರು ಬೇರೆ ಪ್ರಾಂತದಿಂದ ಬರುತ್ತಾರೆ. ಮಿರ್ಜಾರವರ ಆಡಳಿತದಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವುದು ಇವೆರಡನ್ನೂ ಜೊತೆಜೊತೆಯಾಗಿ ನಡೆಸಿದ್ದು.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ವಿದ್ಯುತ್ ತಂತಿ ಎಳೆಯಬೇಕಾದರೆ ಕಂಬದ ಮೇಲೆ ಬಿಳಿಯ ಪಿಂಗಾಣಿಯ ಗುಂಡುಗಳು ಬೇಕು. ಅವಿಲ್ಲದಿದ್ದರೆ ವಿದ್ಯುತ್ ಕಂಬಕ್ಕೆ ಹರಿದು ನೆಲ ಸೇರುತ್ತದೆ. ಹಳ್ಳಿಗಳಿಗೆ ವಿದ್ಯುತ್ ಕೊಡಲು ಹೊರಟ ಮೈಸೂರು ಸರ್ಕಾರಕ್ಕೆ ಇವು ರಾಶಿ ರಾಶಿಯಾಗಿ ಬೇಕಾದವು. ವಿದೇಶದಿಂದ ತರಿಸುವ ಬದಲು 1932ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಆರಂಭವಾಯಿತು. ಅದೇ ಕಾರ್ಖಾನೆ ಸ್ವಾತಂತ್ರ್ಯಾನಂತರ ಕೇಂದ್ರದ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಭಾಗವಾಯಿತು. ತಂತಿಯಲ್ಲಿ ಬರುವ ವಿದ್ಯುತ್ತಿನ ಒತ್ತಡ ಇಳಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಅದಕ್ಕೂ ಸರ್ಕಾರಿ ಎಲೆಕ್ಟ್ರಿಕ್ ಕಾರ್ಖಾನೆ ಬಂತು, ಇಂದು ಕವಿಕಾ ಎಂದು ಕರೆಯುವುದು ಅದನ್ನೇ. ಮನೆಯೊಳಗೆ ಬಂದ ವಿದ್ಯುತ್ತಿಗೆ ಬಲ್ಬು ಬೇಕು. 1936ರಲ್ಲಿ ಮೈಸೂರು ಲ್ಯಾಂಪ್ಸ್ ಬಂತು. ನೋಡಿ, ಒಂದು ಜಲಪಾತದಿಂದ ಹೊರಟ ತಂತಿ ಮೂರು ಕಾರ್ಖಾನೆಗಳನ್ನು ಕಟ್ಟಿಸಿತು. ಮಣ್ಣು ಹದ ಮಾಡುವವ, ಭಟ್ಟಿಯ ಶಾಖ ನೋಡುವವ, ತಾಮ್ರದ ತಂತಿ ಸುತ್ತುವವ, ಗಾಜು ಊದುವವ ಎಂದು ಮೊದಲು ಈ ನಾಡಿನಲ್ಲಿ ಇಲ್ಲದಿದ್ದ ಕಸುಬುದಾರರ ಗುಂಪುಗಳನ್ನೇ ಹುಟ್ಟಿಸಿತು. ವಿಜ್ಞಾನ ಓದುವ ನಮ್ಮ ಮಕ್ಕಳು ನಿರೋಧಕದ ಪಾಠ ಓದುವಾಗ ಇದನ್ನು ನೆನೆದರೆ ಪಾಠವೂ ಉಳಿಯುತ್ತದೆ, ಇತಿಹಾಸವೂ ಉಳಿಯುತ್ತದೆ.

ಮಂಡ್ಯದ ಕಥೆಯೂ ಹೀಗೆಯೇ. ಕೃಷ್ಣರಾಜಸಾಗರದ ನೀರನ್ನು ಒಣ ಸೀಮೆಗೆ ಒಯ್ಯಲು ಅಂದಿನ ಇರ್ವಿನ್ ನಾಲೆ ತೋಡಿದರು (ಈಗ ಅದು ವಿಶ್ವೇಶ್ವರಯ್ಯ ನಾಲೆ). ಹುಳಿಕೆರೆಯ ಬಳಿ ಗುಡ್ಡ ಕೊರೆದು ಸುರಂಗ ಮಾಡಬೇಕಾಯಿತು. ನೀರು ಬಂದರೆ ರೈತ ಕಬ್ಬು ಹಾಕುತ್ತಾನೆ, ಕಬ್ಬು ಹಾಕಿದವನಿಗೆ ಗಾಣ ಸಾಲದು. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ರವರ ಒತ್ತಾಸೆಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಭೀಮಾ ತೀರದ ಅಫಜಲಪುರದಲ್ಲಿ ಇಂದು ಕಬ್ಬು ಬೆಳೆಯುವ ನಮ್ಮ ರೈತರಿಗೆ ನೀರು, ಬೆಳೆ, ಕಾರ್ಖಾನೆ ಮೂರೂ ಒಂದರ ಹಿಂದೊಂದು ಬರದಿದ್ದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ.

ಉಳಿದವುಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. 1936ರಲ್ಲಿ ಭದ್ರಾವತಿಯ ಉಕ್ಕಿನ ಘಟಕ ಮತ್ತು ಮೈಸೂರು ಕಾಗದ ಕಾರ್ಖಾನೆ, ಚನ್ನಪಟ್ಟಣದ ರೇಷ್ಮೆ ನೂಲಿನ ಗಿರಣಿ, 1937ರಲ್ಲಿ ಬೆಳಗೊಳದ ರಾಸಾಯನಿಕ ಗೊಬ್ಬರದ ಕಾರ್ಖಾನೆ, ಅದೇ ವರ್ಷ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ. ಈ ಕೊನೆಯದನ್ನು ಓದುಗರು ತಮ್ಮ ಬೆರಳ ಮೇಲೆಯೇ ಕಂಡಿದ್ದಾರೆ. 1962ರಿಂದ ದೇಶದ ಚುನಾವಣೆಗಳಲ್ಲಿ ಮತದಾರರಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಅಲ್ಲಿಯೇ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ರವರು ವಿಮಾನ ಕಾರ್ಖಾನೆ ತೆರೆಯಲು ಮುಂದಾದಾಗ ಮೈಸೂರು ಸರ್ಕಾರ ಜಾಗವನ್ನೂ ಕೊಟ್ಟು ಬಂಡವಾಳದಲ್ಲೂ ಪಾಲುದಾರನಾಯಿತು. ಇಂದಿನ ಎಚ್‌ಎಎಲ್ ಹುಟ್ಟಿದ್ದು ಹಾಗೆ. ಎರಡು ವರ್ಷದೊಳಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಇಂಜಿನಿಯರಿಂಗ್ ವಿಭಾಗವೂ ತೆರೆಯಿತು. ಜವಳಿ ಕಸುಬಿನ ಶಿಕ್ಷಣಕ್ಕೆ ಮಹಾರಾಜರ ರಜತೋತ್ಸವದ ಹೆಸರಿನಲ್ಲಿ 1938ರಲ್ಲಿ ಕೃಷ್ಣರಾಜೇಂದ್ರ ಸಿಲ್ವರ್ ಜುಬಿಲಿ ಟೆಕ್ನಾಲಾಜಿಕಲ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಈಗ ಅದು ಸರ್ಕಾರಿ ಇಂಜಿನಿಯರಿಂಗ್ ಕಾಲೇಜು.

ದೊಡ್ಡ ಯಂತ್ರಗಳಷ್ಟೇ ಅವರ ಕಣ್ಣಿಗೆ ಬಿದ್ದವು ಎಂದಲ್ಲ. 1927ರಲ್ಲಿ ಗಾಂಧೀಜಿಯವರು ಅನಾರೋಗ್ಯದಿಂದ ನಂದಿ ಬೆಟ್ಟದಲ್ಲೂ ಬೆಂಗಳೂರಿನಲ್ಲೂ ತಂಗಿದ್ದಾಗ ಸಂಸ್ಥಾನ ಅವರನ್ನು ಅತಿಥಿಯಾಗಿ ನೋಡಿಕೊಂಡಿತು. ನಂಜನಗೂಡು ತಾಲೂಕಿನ ಬದನವಾಳುವಿನಲ್ಲಿ ಸರ್ಕಾರವೇ ಮುಂದೆ ನಿಂತು ಖಾದಿ ಕೇಂದ್ರ ನಡೆಸಿತು. ಬ್ರಿಟಿಷರ ಅಧೀನದ ಒಂದು ಸಂಸ್ಥಾನ, ಅದರ ದಿವಾನರು ಸರ್ ಪದವಿಯ ಮುಸ್ಲಿಂ ಅಧಿಕಾರಿ, ಆದರೂ ಹಳ್ಳಿಯ ಹೆಂಗಸರ ಕೈಗೆ ಚರಕ ಬಂತು. ರೇಷ್ಮೆ, ಗಂಧದ ಸೋಪು ಮೊದಲಾದ ಮೈಸೂರಿನ ಸರಕಿಗೆ ಹೊರಗಿನ ಮಾರುಕಟ್ಟೆ ಹುಡುಕಲು ಲಂಡನ್ನಿನಲ್ಲಿ ಸಂಸ್ಥಾನದ ವ್ಯಾಪಾರ ಕಮಿಷನರರ ಕಚೇರಿ ತೆರೆಯಲಾಯಿತು. ಮಾಡುವ ಕೈ ಇದ್ದರಷ್ಟೇ ಸಾಲದು, ಕೊಳ್ಳುವ ಕೈಯೂ ಬೇಕೆಂಬುದು ಕುದುರೆ ವ್ಯಾಪಾರಿಯ ಮೊಮ್ಮಗನಿಗೆ ಯಾರೂ ಕಲಿಸಬೇಕಾಗಿರಲಿಲ್ಲವೇನೋ!

ಜೀವನ ಚರಿತ್ರೆ ಬರೆಯುವಾಗ ಬರೀ ಹೂವನ್ನೇ ಪೋಣಿಸುವ ರೂಢಿ ನಮ್ಮಲ್ಲಿದೆ. ಅದು ಬೇಡ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯೊಂದರ ಗಣಪತಿಯ ವಿಷಯದಲ್ಲಿ ಗಲಭೆ ಎದ್ದಾಗ ದಿವಾನರ ಧರ್ಮವನ್ನೇ ಮುಂದೆ ಮಾಡಿ ಟೀಕಿಸಿದವರಿದ್ದರು. ಸರ್ಕಾರ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿಯೇ ವಿಚಾರಣಾ ಸಮಿತಿ ನೇಮಿಸಿತು. ಆ ಟೀಕೆಯಲ್ಲಿ ಅನ್ಯಾಯವಿತ್ತು ಎಂದು ಹೇಳಬಹುದು. ಆದರೆ 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಅನೇಕರು ಸತ್ತದ್ದು ಅವರ ಆಡಳಿತದ ಮೇಲಿನ ಕಲೆ. ಜನರಿಗೆ ಕೆಲಸ ಕೊಡುವುದರಲ್ಲಿ ಮುಂದಿದ್ದ ದಿವಾನರು ಜನರ ಕೈಗೆ ಅಧಿಕಾರ ಕೊಡುವುದರಲ್ಲಿ ಹಿಂಜರಿದರು. ಅನಂತರ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರು ಬಂದು ಮಾತುಕತೆ ನಡೆಸಿದ ಮೇಲೆ ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ಸಿನ ತ್ರಿವರ್ಣ ಬಾವುಟವನ್ನೂ ಹಾರಿಸಲು ಒಪ್ಪಂದವಾಯಿತು. ಗುಂಡು ಹಾರುವ ಮೊದಲೇ ಆ ಮಾತುಕತೆ ನಡೆಯಬೇಕಿತ್ತು.

ನಾಲ್ವಡಿಯವರ ನಿಧನದ ನಂತರ, 1941ರಲ್ಲಿ, ಮಿರ್ಜಾರವರು ದಿವಾನಗಿರಿ ಬಿಟ್ಟರು. ಮರುವರ್ಷ ಜೈಪುರ ಸಂಸ್ಥಾನದ ಪ್ರಧಾನಮಂತ್ರಿಯಾಗಿ ಹೋಗಿ 1946ರವರೆಗೆ ಅಲ್ಲಿದ್ದರು. ಜೈಪುರ ನೋಡಿದವರಿಗೆ ಎಂ.ಐ. ರೋಡ್ ಗೊತ್ತಿರುತ್ತದೆ. ಆ ಎರಡಕ್ಷರ ನಮ್ಮ ಬೆಂಗಳೂರಿನವರದೇ.

ಇನ್ನು ನಮ್ಮ ಕಡೆಯ ವಿಷಯ. 1946ರ ಆಗಸ್ಟ್‌ನಲ್ಲಿ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ರವರು ಮಿರ್ಜಾರವರನ್ನು ಹೈದರಾಬಾದಿನ ಸದ್ರೆ ಆಜಮ್ ಆಗಿ, ಅಂದರೆ ಪ್ರಧಾನಮಂತ್ರಿಯಾಗಿ ನೇಮಿಸಿದರು. ಆಗ ಗುಲಬರ್ಗಾ, ಬೀದರ್, ರಾಯಚೂರು ಜಿಲ್ಲೆಗಳು ಆ ಸಂಸ್ಥಾನದಲ್ಲಿದ್ದವು. ಹೈದರಾಬಾದಿನಲ್ಲಿ ಕೈಗಾರಿಕೆ ಇರಲಿಲ್ಲವೆಂದಲ್ಲ. 1929ರಲ್ಲಿಯೇ ಕೈಗಾರಿಕೆಗೆಂದು ಟ್ರಸ್ಟ್ ನಿಧಿ ಇಟ್ಟಿದ್ದರು. ಬೋಧನ್‌ನಲ್ಲಿ ಸಕ್ಕರೆ, ವಾರಂಗಲ್‌ನಲ್ಲಿ ಆಜಂ ಜಾಹಿ ಬಟ್ಟೆ ಗಿರಣಿ, ಸಿರ್ಪುರದಲ್ಲಿ ಕಾಗದ, ಸಿಂಗರೇಣಿಯಲ್ಲಿ ಕಲ್ಲಿದ್ದಲು. ಇವೆಲ್ಲ ತೆಲಂಗಾಣದ ಭಾಗದಲ್ಲಿದ್ದವು. ನಮ್ಮ ಪಾಲಿಗೆ ಗುಲಬರ್ಗಾದ ಮಹಬೂಬ್ ಶಾಹಿ ಗಿರಣಿ ಮತ್ತು ಶಹಾಬಾದಿನ ಸಿಮೆಂಟ್ ಕಾರ್ಖಾನೆ. ಗಿರಣಿ ಮುಚ್ಚಿ ಎಷ್ಟೋ ವರ್ಷಗಳಾದರೂ ಎಂ.ಎಸ್.ಕೆ. ಮಿಲ್ ಎಂಬ ಬಡಾವಣೆಯ ಹೆಸರು ಉಳಿದಿದೆ. ಕಲಿಯುವ ವಿಷಯದಲ್ಲೂ ತೊಡಕಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಆಧುನಿಕ ಶಾಸ್ತ್ರಗಳನ್ನೆಲ್ಲ ಉರ್ದುವಿನಲ್ಲಿ ಕಲಿಸಿದ್ದು ಉರ್ದು ಭಾಷೆಗೆ ದೊಡ್ಡ ಗೌರವ. ಆದರೆ ಮನೆಯಲ್ಲಿ ಕನ್ನಡ ಮಾತಾಡುವ ಆಳಂದದ ರೈತನ ಮಗನಿಗೆ ಅದು ಎತ್ತರದ ಹೊಸ್ತಿಲು. ಎರಡೂ ಭಾಷೆ ಕಲಿಸುವ ನನ್ನಂಥವರಿಗೆ ಆ ಹೆಮ್ಮೆಯೂ ಗೊತ್ತು, ಆ ಹೊಸ್ತಿಲೂ ಗೊತ್ತು. ಆದ್ದರಿಂದ ಆಳಂದ, ಅಫಜಲಪುರದ ಬಡವರು ದುಡಿಮೆಗೆ ಹೋದದ್ದು ಸೊಲ್ಲಾಪುರದ ಗಿರಣಿಗಳಿಗೆ, ಮುಂಬೈಗೆ. ಜೇವರ್ಗಿ ಕಡೆಯಿಂದ ಇಂದಿಗೂ ಮಳೆ ಕೈಕೊಟ್ಟ ವರ್ಷ ಜನ ಗಂಟುಮೂಟೆ ಕಟ್ಟುತ್ತಾರೆ.

ಇಂಥ ಸಂಸ್ಥಾನಕ್ಕೆ, ಕನ್ನಡ ಸೀಮೆಯನ್ನು ಬಲ್ಲ, ಕಾರ್ಖಾನೆ ಕಟ್ಟಿ ಪಳಗಿದ ಆಡಳಿತಗಾರರು ಬಂದರು. ಆದರೆ ಎಷ್ಟು ದಿನ? ಹತ್ತು ತಿಂಗಳೂ ತುಂಬಲಿಲ್ಲ. ಮುಸ್ಲಿಂ ಲೀಗಿನ ಜಿನ್ನಾರವರಿಗೆ ಈ ನೇಮಕವೇ ಇಷ್ಟವಿರಲಿಲ್ಲ. ಏಕೆಂದರೆ ಮಿರ್ಜಾರವರು ದೇಶ ವಿಭಜನೆಯನ್ನು ಒಪ್ಪಿದವರಲ್ಲ, ಗಾಂಧೀಜಿಯವರ ಸ್ನೇಹಿತರು. ಸ್ಥಳೀಯವಾಗಿ ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯು ಕಾಸಿಂ ರಜ್ವಿಯ ನೇತೃತ್ವದಲ್ಲಿ ಅವರ ವಿರುದ್ಧ ನಿಂತಿತು. ಭಾರತದೊಡನೆ ಹೊಂದಿಕೊಂಡು ಹೋಗಬೇಕೆಂಬ ಅವರ ವಿಚಾರ ದರ್ಬಾರಿನಲ್ಲಿ ನಡೆಯಲಿಲ್ಲ. 1947ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಬೆಂಗಳೂರಿಗೆ ಮರಳಿದರು. ಮುಂದೆ ರಜಾಕಾರರ ಹಾವಳಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ಅದರ ಸಮಯದಲ್ಲೂ ಅನಂತರವೂ ಬಡ ಜನರು, ಅವರಲ್ಲಿ ನಮ್ಮ ಹಳ್ಳಿಗಳ ನಿರಪರಾಧಿ ಮುಸ್ಲಿಮರೂ, ಅನುಭವಿಸಿದ ಕಷ್ಟ ಎಲ್ಲರಿಗೂ ತಿಳಿದದ್ದು. ಮಿರ್ಜಾರವರನ್ನು ಹೊರಗೆ ಕಳಿಸಿದವರು ಪರಕೀಯರಲ್ಲ. ಸಮುದಾಯದ ಹಿತ ಕಾಯುತ್ತೇವೆಂದು ಹೇಳಿಕೊಂಡವರೇ ಸಮುದಾಯದ ಮಕ್ಕಳಿಗೆ ಕಸುಬು ಕೊಡಬಲ್ಲ ವ್ಯಕ್ತಿಯನ್ನು ನಿಲ್ಲಗೊಡಲಿಲ್ಲ. ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ, ಆದರೆ ಬರೆಯದೆ ಬಿಟ್ಟರೆ ಅವರ ಚರಿತ್ರೆಯನ್ನು ನಾವು ಓದುವುದಾದರೂ ಯಾತಕ್ಕೆ?

ಈಗಿನ ಸ್ಥಿತಿಯನ್ನೂ ಎರಡು ಮಾತಿನಲ್ಲಿ ನೋಡಬೇಕು. 2006ರ ಸಾಚಾರ್ ಸಮಿತಿ ವರದಿ ಹೇಳಿದ್ದು ಇದನ್ನೇ: ಮುಸ್ಲಿಮರಲ್ಲಿ ಸಂಬಳದ ನೌಕರಿ ಕಡಿಮೆ, ಸ್ವಂತ ಸಣ್ಣ ಕಸುಬು ಹೆಚ್ಚು. ನಮ್ಮ ಊರುಗಳ ಬಸ್ ನಿಲ್ದಾಣದ ಆಸುಪಾಸು ನಿಂತು ನೋಡಿದರೆ ಸಾಕು. ವೆಲ್ಡಿಂಗ್, ಗ್ಯಾರೇಜ್, ಟೈರ್, ಹೊಲಿಗೆ, ಬಣ್ಣ, ವೈರಿಂಗ್ ಎಲ್ಲದರಲ್ಲೂ ನಮ್ಮ ಹುಡುಗರಿದ್ದಾರೆ. ಉಸ್ತಾದರ ಕೈಕೆಳಗೆ ಕಲಿತ ಹುನರು ಅವರದು. ಹುನರಿಗೆ ಕೊರತೆ ಇಲ್ಲ, ಕಾಗದ ಇಲ್ಲ. ಕಾಗದ ಇಲ್ಲದ್ದರಿಂದ ಕಂಪನಿಯ ಗೇಟು ದಾಟಲಾಗದು, ಬ್ಯಾಂಕಿನ ಸಾಲವೂ ಕಷ್ಟ. 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿ ತರಬೇತಿ ಯೋಜನೆ ಆರಂಭಿಸಿ ಐಟಿಐಗಳಿಗೆ ಬುನಾದಿ ಹಾಕಿತು. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂತು. ಕರ್ನಾಟಕ ಸರ್ಕಾರ 2016ರಲ್ಲಿ ಕೌಶಲ್ಯಾಭಿವೃದ್ಧಿಗೆ ಪ್ರತ್ಯೇಕ ಇಲಾಖೆಯನ್ನೇ ಮಾಡಿ, 2017ರಲ್ಲಿ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ತಂದಿತು. ಕೆಲಸ ಈಗಾಗಲೇ ಬರುವವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಕೇಂದ್ರದ ಕೌಶಲ್ಯ ಯೋಜನೆಯಲ್ಲಿ 2015ರಿಂದ ಸೇರಿತು. ಗ್ಯಾರೇಜಿನ ಹುಡುಗರಿಗೆ ಇದಕ್ಕಿಂತ ಹತ್ತಿರದ ದಾರಿ ಬೇರೊಂದಿಲ್ಲ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟು ಮೀಸಲು. ಎಸ್‌ಎಸ್‌ಎಲ್‌ಸಿ ಮುಗಿಸಿ ಎರಡು ವರ್ಷದ ಐಟಿಐ ಮಾಡಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಐಟಿಐ ಎಂದರೆ ಓದಿನ ಕೊನೆ ಎಂದು ತಿಳಿದಿರುವ ಪಾಲಕರು ಇದನ್ನು ಗಮನಿಸಬೇಕು. ಆದರೆ ತರಬೇತಿ ಪಡೆದವನಿಗೆ ಊರ ಹತ್ತಿರ ಕೆಲಸ ಎಲ್ಲಿದೆ ಎಂಬ ಪ್ರಶ್ನೆಗೆ ಯೋಜನೆಗಳ ಕರಪತ್ರದಲ್ಲಿ ಉತ್ತರವಿಲ್ಲ. ಮಿರ್ಜಾರವರ ಕಾಲದ ಕೆಲಸ ನೆನಪಾಗುವುದು ಆಗಲೇ. ಅವರು ಕಟ್ಟಿದ್ದರಲ್ಲೂ ಮೈಸೂರು ಲ್ಯಾಂಪ್ಸ್ ಬಾಗಿಲು ಹಾಕಿದೆ, ಭದ್ರಾವತಿಯ ಕಾಗದದ ಯಂತ್ರಗಳು ನಿಂತಿವೆ ಎಂಬುದನ್ನೂ ಮರೆಯುವಂತಿಲ್ಲ.

ನಿವೃತ್ತಿಯ ನಂತರವೂ ಮಿರ್ಜಾರವರು ಸುಮ್ಮನೆ ಕೂರಲಿಲ್ಲ. 1950ರಲ್ಲಿ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಆಗತಾನೆ ಸ್ವತಂತ್ರವಾಗಿದ್ದ ಇಂಡೋನೇಷ್ಯಾಕ್ಕೆ ಹೋದರು. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಅವರು ಹದಿನೈದು ವರ್ಷ ಆಳಿದ ನಾಡು ಮತ್ತು ಹತ್ತು ತಿಂಗಳೊಳಗೆ ಬಿಟ್ಟುಹೋಗಬೇಕಾದ ನಾಡಿನ ಈ ತುಣುಕು ಒಂದೇ ರಾಜ್ಯವಾದದ್ದನ್ನು ಅವರು ಕಣ್ಣಾರೆ ಕಂಡರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಮೈಸೂರಿನಲ್ಲಿ ಮಿರ್ಜಾ ರಸ್ತೆ ಇದೆ, ಜೈಪುರದ ಮುಖ್ಯ ಬೀದಿಯೇ ಅವರ ಹೆಸರಿನದು. ಗುಲಬರ್ಗಾದಲ್ಲಿ ಅವರ ಹೆಸರಿನ ಒಂದು ಫಲಕವನ್ನೂ ನಾನು ಇದುವರೆಗೆ ಕಂಡಿಲ್ಲ.